ಕುಸಬಿಹಾಳ ಬಸ್ ನಿಲ್ಲಿಸಿ

ನಾನೊಂದು ಬಸ್ಸು. ಕೆಂಪು ಬಸ್ಸು. ಈಗ ಬಣ್ಣ ಮಾಸಿ ಹಳೇ ಇಟ್ಟಿಗೆಯ ಹಾಗೆ ಕಾಣುತ್ತೇನೆ, ಆದರೂ ಕೆಂಪು ಎಂದೇ ಹೇಳಿಕೊಳ್ಳುತ್ತೇನೆ. ವಯಸ್ಸಾದವರಿಗೆ ಇಷ್ಟಾದರೂ ಸಲಿಗೆ ಬೇಡವೇ? ನೀಲಗಟ್ಟಿ ಎಂಬ ಊರಿನ ಹೊರಗೆ, ಗುಡ್ಡದ ಮೇಲಿನ ಕಾಲೇಜಿನ ಗೇಟಿನ ಪಕ್ಕ, ಒಂದು ಬೇವಿನ ಮರದ ಕೆಳಗೆ ನಿಂತಿದ್ದೇನೆ. ಚಕ್ರಗಳಿಲ್ಲ, ಎಂಜಿನ್ನೂ ಇಲ್ಲ. ಮಧ್ಯಾಹ್ನ ಬೇವಿನ ನೆರಳು ನನ್ನ ಟಾಪಿನ ಮೇಲೆ ಮೆಲ್ಲಗೆ ಓಡಾಡುವಾಗ ನಿದ್ದೆ ಬರುತ್ತದೆ, ನಿದ್ದೆಯಲ್ಲಿ ರಸ್ತೆ ಬರುತ್ತದೆ. ಬಸ್ಸಿಗೆಂಥ ಕನಸು ಎಂದು ನಗಬೇಡಿ. ಎಷ್ಟೋ ವರ್ಷ ಎಷ್ಟೋ ಜನ ನನ್ನ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದ್ದಾರೆ. ಅವರ ಕನಸು ಒಂದಿಷ್ಟು ನನ್ನ ಗಾಜಿಗೆ ಅಂಟಿಕೊಂಡಿದ್ದರೆ ಆಶ್ಚರ್ಯವೇನಿಲ್ಲ.

ನಾನು ಹುಟ್ಟಿದ್ದು ಎರಡು ಕಂತಿನಲ್ಲಿ. ಮೊದಲು ಬರೀ ಎಲುಬುಗೂಡು: ಒಂದು ಎಂಜಿನ್, ಚಕ್ರಗಳು, ಉದ್ದನೆಯ ಕಬ್ಬಿಣದ ತೊಲೆಗಳು, ಅಷ್ಟೇ. ಮೈಮೇಲೆ ತಗಡಿನ ಚೂರೂ ಇರಲಿಲ್ಲ. ಮುಖಕ್ಕೆಲ್ಲ ಟವೆಲ್ ಸುತ್ತಿಕೊಂಡ ಒಬ್ಬ ಡ್ರೈವರ್ ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕೂತು ನನ್ನನ್ನು ಹೆದ್ದಾರಿಯಲ್ಲಿ ಓಡಿಸಿಕೊಂಡು ಬಂದ. ದಾರಿಯಲ್ಲಿ ಎದುರಾದ ಬಸ್ಸುಗಳೆಲ್ಲ ಮೈತುಂಬ ಬಟ್ಟೆ ತೊಟ್ಟಿದ್ದವು, ನನಗೋ ನಾಚಿಕೆಯಾಗಿ ಪ್ರಾಣ ಹೋಗುತ್ತಿತ್ತು. ಆಮೇಲೆ ವರ್ಕ್‌ಶಾಪಿನಲ್ಲಿ ಗೋಡೆ ಬಂತು, ಕಿಟಕಿ ಬಂದವು, ಸೀಟು ಬಂದವು, ಕೆಂಪು ಬಣ್ಣ ಬಂತು. ಒಬ್ಬ ಮುದುಕ ಪೇಂಟರ್ ಬಾಗಿಲ ಬಳಿ "ಕೈ ತಲೆ ಹೊರಗೆ ಹಾಕಬೇಡಿ" ಎಂದು ಬರೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಚಂದ ಅದೀ ಬಿಡು" ಎಂದ. ನನ್ನನ್ನು ಮೊದಲು ಹೊಗಳಿದವನು ಅವನು. ಚಕ್ರದಡಿ ನಿಂಬೆಹಣ್ಣಿಟ್ಟು, ಮೂತಿಗೆ ಚೆಂಡುಹೂವಿನ ಮಾಲೆ ಹಾಕಿ ನನ್ನನ್ನು ರಸ್ತೆಗೆ ಬಿಟ್ಟರು.

ಪ್ರಾಯದಲ್ಲಿ ನಾನು ಎಕ್ಸ್‌ಪ್ರೆಸ್. ದೊಡ್ಡ ಊರಿನಿಂದ ದೊಡ್ಡ ಊರಿಗೆ ಓಡುತ್ತಿದ್ದೆ, ಸಣ್ಣ ಊರುಗಳು ಕೈಬೀಸಿದರೂ ತಿರುಗಿ ನೋಡುತ್ತಿರಲಿಲ್ಲ. ಎಷ್ಟು ಜಂಬ ಇತ್ತೆಂದರೆ, ಮಣ್ಣಿನ ರಸ್ತೆ ಕಂಡರೆ ಮೂಗು ಮುರಿಯುತ್ತಿದ್ದೆ. ಆಮೇಲೆ ಎಂಜಿನ್ ಕೆಮ್ಮಲು ಶುರುಮಾಡಿತು. ಹೊಸ ಬಸ್ಸುಗಳು ಬಂದವು. ನನ್ನನ್ನು ನೀಲಗಟ್ಟಿ ಡಿಪೋಗೆ ಕಳಿಸಿ, ಬೋರ್ಡು ಬದಲಿಸಿದರು: ಕುಸಬಿಹಾಳ. ಹೆಸರೇ ಕೇಳಿರಲಿಲ್ಲ. ಮೊದಲ ದಿನ ಗುಂಡಿ ಗುಂಡಿಗೂ ಗೊಣಗುತ್ತ ಹೋದೆ.

ಹೋಗಿ ನೋಡಿದರೆ ಊರಿನ ಹೆಂಗಸರು ಆರತಿ ಹಿಡಿದು ನಿಂತಿದ್ದರು. ಸುತ್ತ ಕುಸುಬೆಯ ಹೊಲ, ಅರಿಶಿನದ ಬಣ್ಣದ ಹೂವು. ಒಬ್ಬಾಕೆ ನನ್ನ ಮುಂದಿನ ಗಾಜಿಗೆ ಕುಂಕುಮ ಹಚ್ಚಿ, "ಬಂದಿ ಯವ್ವಾ? ಬಾ" ಎಂದಳು. ಎಕ್ಸ್‌ಪ್ರೆಸ್ ಬಸ್ಸಿಗೆ ಯಾರೂ ಹಾಗೆ ಬಾ ಎಂದಿರಲಿಲ್ಲ. ಅವತ್ತಿಗೆ ನನ್ನ ಜಂಬ ಇಳಿಯಿತು.

ಕುಸಬಿಹಾಳದಲ್ಲಿ ನಾನು ನಿಲ್ಲುತ್ತಿದ್ದುದು ಫಕ್ಕೀರಪ್ಪನ ಕಟಿಂಗ್ ಅಂಗಡಿಯ ಎದುರು. ಅಂಗಡಿಯೊಳಗೆ ಗೋಡೆಯ ತುಂಬ ಒಂದು ಕನ್ನಡಿ. ದಿನಾ ಬೆಳಿಗ್ಗೆ ಅದರಲ್ಲಿ ನನ್ನ ಮುಖ ನೋಡಿಕೊಳ್ಳುವುದು ನನಗೆ ಚಟವಾಯಿತು. ನನ್ನ ಡ್ರೈವರ್ ಮೌಲಾಸಾಬ್, ಮಾತು ಕಡಿಮೆ, ಗೇರು ಹಾಕುವಾಗಲೂ ಕ್ಷಮೆ ಕೇಳುವಂತೆ ಮೆಲ್ಲಗೆ ಹಾಕುವವನು. ಕಂಡಕ್ಟರ್ ದಾಕ್ಷಾಯಣಿ, ಅವನ ಪಾಲಿನ ಮಾತನ್ನೂ ತಾನೇ ಆಡುವವಳು. "ಹೋಲ್ಡಾನ್!" ಎಂದು ಅವಳು ಕೂಗಿದರೆ ರಸ್ತೆಯ ಎಮ್ಮೆಗಳೂ ನಿಲ್ಲುತ್ತಿದ್ದವು.

ಗಂಗೋತ್ರಿ ಫಕ್ಕೀರಪ್ಪನ ಮಗಳು. ಎರಡು ಜಡೆಯ ಕಾಲದಿಂದ ನನಗೆ ಗೊತ್ತು. ಹೈಸ್ಕೂಲ್ ಮುಗಿಸಿ, ಪಿಯುಸಿ ಮುಗಿಸಿ, ಗುಡ್ಡದ ಮೇಲಿನ ಪದವಿ ಕಾಲೇಜಿಗೆ ಸೇರುತ್ತೇನೆಂದಾಗ ಫಕ್ಕೀರಪ್ಪ ಕತ್ತರಿ ಕೆಳಗಿಟ್ಟು ಬಹಳ ಹೊತ್ತು ಯೋಚನೆ ಮಾಡಿದ. ಕೊನೆಗೆ ನನ್ನ ಕಡೆ ಕೈ ತೋರಿಸಿ ಹೇಳಿದ:

"ನೋಡವಾ, ಈ ಬಸ್ ನನ್ನ ಅಂಗಡಿ ಮುಂದ ನಿನ್ನ ಹತ್ತಿಸ್ಕೊಂಡು ಹೋಗ್ತೈತಿ, ನನ್ನ ಕಣ್ಣ ಮುಂದ ತಂದು ಇಳಸ್ತೈತಿ. ಅದಕ್ಕ ಹೂಂ ಅಂತೀನಿ. ಬಸ್ ಇದ್ರ ಕಾಲೇಜು. ಬಸ್ ಇಲ್ಲಂದ್ರ ಮನಿ."

ಅವನು ಕೆಟ್ಟ ಮನುಷ್ಯನಲ್ಲ. ಹೆದರಿಕೆಯ ಮನುಷ್ಯ. ಗಂಗೋತ್ರಿ ಅವತ್ತು ಹತ್ತುವಾಗ ನನ್ನ ಬಾಗಿಲ ಸರಳನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ, ಆ ಹಿಡಿತ ಇವತ್ತಿಗೂ ನೆನಪಿದೆ.

ಅವಳ ಜಾಗ ಎಡಗಡೆಯ ಮೂರನೇ ಕಿಟಕಿ. ಪಕ್ಕದಲ್ಲಿ ಗೆಳತಿ ಫರೀದಾ. ಹಿಂದಿನ ಉದ್ದ ಸೀಟಿನಲ್ಲಿ, ದಾರಿಯ ನಡುವಿನ ಹಳ್ಳಿಯೊಂದರಲ್ಲಿ ಹತ್ತುವ ವಿಠ್ಠಲ ಗಾಣಿಗೇರ. ಕಾಲೇಜಿನ ಹುಡುಗರ ಫೋನಿನ ಗುಂಪು 'ಗುಡ್ಡದ ಗೆಳೆಯರು' ಅವನದೇ ಕಾರುಬಾರು. ಮೊದಲೆಲ್ಲ ಹುಡುಗರು ನನ್ನೊಳಗೆ ಅಂತ್ಯಾಕ್ಷರಿ ಹಾಡುತ್ತಿದ್ದರು, ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವುದಕ್ಕೆ ಜಗಳವಾಡುತ್ತಿದ್ದರು. ಗಂಗೋತ್ರಿಯ ಕಾಲಕ್ಕೆ ಎಲ್ಲರೂ ತಲೆ ತಗ್ಗಿಸಿ ಕೂತಿರುತ್ತಿದ್ದರು, ಮುಖದ ಮೇಲೆ ಸಣ್ಣ ಬೆಳಕು. ಒಂದೇ ಬಸ್ಸಿನಲ್ಲಿ ಕೂತು ಬೇರೆ ಬೇರೆ ಊರಿಗೆ ಹೋಗುತ್ತಿದ್ದಾರೇನೋ ಎಂದು ನನಗೆ ಅನಿಸುತ್ತಿತ್ತು. ವಿಠ್ಠಲ ಹಿಂದಿನ ಸೀಟಿನಿಂದ ಗುಡ್ ಮಾರ್ನಿಂಗ್ ಕಳಿಸುತ್ತಿದ್ದ, ಅದು ಎಲ್ಲೋ ಆಕಾಶಕ್ಕೆ ಹೋಗಿ ಮೂರನೇ ಕಿಟಕಿಯಲ್ಲಿ ಟಿಣ್ ಎನ್ನುತ್ತಿತ್ತು.

"ಏ ವಿಠ್ಠಲಾ, ಇಲ್ಲೇ ಅದೀನಲ್ಲೋ, ಬಾಯಿಲೇ ಅನ್ನಬಾರದೇನು?" ಎಂದು ಗಂಗೋತ್ರಿ ತಿರುಗಿ ಕೇಳಿದರೆ, ಅವನು, "ಬಾಯಿಲೇ ಅಂದ್ರ ನಿನಗೊಬ್ಬಾಕಿಗೆ ಕೇಳ್ತೈತಿ. ಇದು ಎಲ್ಲಾರಿಗೂ ಮುಟ್ಟತೈತಿ" ಎನ್ನುತ್ತಿದ್ದ. ಅದೂ ನಿಜವೇ.

ಇನ್ನು ನನ್ನ ದಾರಿಯ ವಿಚಿತ್ರ ಹೇಳಬೇಕು. ಕುಸಬಿಹಾಳದಿಂದ ಬರುವಾಗ ಕಾಲೇಜಿನ ಗೇಟಿನ ಮುಂದೆಯೇ ನಾನು ಹಾಯುತ್ತಿದ್ದೆ. ಹಾಯುತ್ತಿದ್ದೆ, ಅಷ್ಟೇ. ನಿಲ್ಲುತ್ತಿರಲಿಲ್ಲ. ನಿಲ್ದಾಣಗಳ ಪಟ್ಟಿಯಲ್ಲಿ ಆ ಗೇಟು ಇರಲಿಲ್ಲ, ಮೇಲಾಗಿ ಅದು ಏರು ರಸ್ತೆ. ಹುಡುಗರು ಕಿಟಕಿಯಿಂದ ತಮ್ಮದೇ ಕಾಲೇಜು ಹಿಂದೆ ಸರಿಯುವುದನ್ನು ನೋಡುತ್ತ ಊರೊಳಗಿನ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಅಲ್ಲಿಂದ ಬಿಸಿಲಲ್ಲಿ ಅದೇ ಗುಡ್ಡ ಹತ್ತಿ ವಾಪಸು ಬರುತ್ತಿದ್ದರು. ಮೊದಲ ಕ್ಲಾಸು ದಿನಾ ತಪ್ಪುತ್ತಿತ್ತು, ಹಾಜರಿ ಕಡಿಮೆಯಾಗುತ್ತಿತ್ತು. ಮೌಲಾಸಾಬ್ ಗೇಟು ಬಂದಾಗ ವೇಗ ಇಳಿಸುತ್ತಿದ್ದ. ಅದಕ್ಕಿಂತ ಹೆಚ್ಚು ಅವನ ಕೈಯಲ್ಲಿ ಇರಲಿಲ್ಲ.

ಆ ಹೊತ್ತಿಗೇ ಸಾರಿಗೆಯವರು ದೂರು ಹೇಳಿಕೊಳ್ಳಲು ಒಂದು ಆ್ಯಪ್ ಬಿಟ್ಟರು. ದೂರು ಬರೆದು ಹಾಕುವುದು, ಒಪ್ಪಿದವರು ಹೆಬ್ಬೆರಳಿನ ಗುರುತು ಒತ್ತುವುದು. ಹೆಚ್ಚು ಹೆಬ್ಬೆರಳು ಬಿದ್ದ ದೂರಿಗೆ ಮೊದಲು ಉತ್ತರ. ಗಂಗೋತ್ರಿ ಖುಷಿಯಿಂದ ಕೂತು, ನನ್ನ ಕುಲುಕಾಟದ ನಡುವೆಯೇ, ಒಂದು ವಾಕ್ಯ ಹೊಸೆದಳು. ಕುಸಬಿಹಾಳದಿಂದ ಬರುವ ಬೆಳಗಿನ ಬಸ್ಸನ್ನು ನಮ್ಮ ಕಾಲೇಜಿನ ಗೇಟಿನ ಮುಂದೆ ನಿಲ್ಲಿಸಿ, ನಮ್ಮನ್ನು ಇಳಿಸಿ, ಮುಂದೆ ಹೋಗಬೇಕೆಂದು ವಿನಂತಿ. ಫರೀದಾಳಿಗೆ ಓದಿ ತೋರಿಸಿದಳು. ನನಗೂ ಕೇಳಿಸಿತು, ಚೆನ್ನಾಗಿತ್ತು.

ವಿಠ್ಠಲ ಓದಿ ತಲೆ ಕೊಡವಿದ. "ಇಷ್ಟುದ್ದ ಯಾರ ಓದ್ತಾರವಾ? ಆ್ಯಪಿನ್ಯಾಗ ಜಾಗಾನೂ ಇಲ್ಲ. ಖಡಕ್ ಇರಬೇಕು, ನೋಡಿದ ಕೂಡ್ಲೇ ಎದಿಗೆ ನಾಟಬೇಕು." ಹಾಗೆಂದು ಕತ್ತರಿಸಿ ಕತ್ತರಿಸಿ ಮೂರು ಪದ ಉಳಿಸಿದ: ಕುಸಬಿಹಾಳ ಬಸ್ ನಿಲ್ಲಿಸಿ.

ನೋಡಿ, ಅದು ಯಾರಿಗೂ ತಪ್ಪು ಅನಿಸಲಿಲ್ಲ. ನನ್ನೊಳಗೆ ಕೂತವರಿಗೆಲ್ಲ ಆ ಮಾತಿನ ಅರ್ಥ ಒಂದೇ. ದಾಕ್ಷಾಯಣಿ ಕೂಡ ಭೇಷ್ ಎಂದಳು. ಗಂಗೋತ್ರಿಯೇ ಮೊದಲ ಹೆಬ್ಬೆರಳು ಒತ್ತಿದಳು. 'ಗುಡ್ಡದ ಗೆಳೆಯರು' ಗುಂಪಿಗೆ ಹೋಯಿತು. ಹಾಸ್ಟೆಲಿನವರು ಒತ್ತಿದರು, ಊರೊಳಗಿನ ಬೈಕಿನ ಹುಡುಗರು ಒತ್ತಿದರು, ಜೀವಮಾನದಲ್ಲಿ ನನ್ನನ್ನು ಹತ್ತದವರೂ ಒತ್ತಿದರು. ಕೂತಲ್ಲೇ ಒತ್ತಿ, ಕೂತಲ್ಲೇ ಮರೆತರು. ಸಂಜೆ ಹೋಗುವಾಗ ಬಸ್ಸಿನಲ್ಲಿ ಹಬ್ಬದ ಗದ್ದಲ, ಸಂಖ್ಯೆ ಏರುವುದನ್ನು ನೋಡಿ ಕೇಕೆ ಹಾಕುತ್ತಿದ್ದರು. ಬಹಳ ದಿನಗಳ ಮೇಲೆ ಎಲ್ಲರೂ ಒಂದೇ ಊರಿಗೆ ಹೋಗುತ್ತಿದ್ದಾರೆ ಅನಿಸಿ ನನಗೂ ಹಿಗ್ಗಾಗಿತ್ತು.

ಮರುದಿನ ಬೆಳಿಗ್ಗೆ ಮೌಲಾಸಾಬ್ ಬಂದು ಸೀಟಿನ ಮೇಲೆ ಕೂತ. ಎಂಜಿನ್ ಚಾಲೂ ಮಾಡಲಿಲ್ಲ. ಸ್ಟಿಯರಿಂಗಿನ ಮೇಲೆ ಕೈ ಸವರಿ, ಇಳಿದು ಹೋದ. ದಾಕ್ಷಾಯಣಿ ಡಿಪೋ ಅಂಗಳದಲ್ಲಿ ನಿಂತು ಯಾರ ಮೇಲೋ ಕೂಗಾಡುತ್ತಿದ್ದಳು. ಮೆಲ್ಲಗೆ ನನಗೆ ವಿಷಯ ತಿಳಿಯಿತು. ಜನರೇ ಕೇಳಿಕೊಂಡಿದ್ದರಿಂದ ಕುಸಬಿಹಾಳದ ಬಸ್ಸು ನಿಂತಿದೆ. ಅಂದರೆ ನಾನು ಇನ್ನು ಹೋಗುವಂತಿಲ್ಲ.

ಮೇಲಿನ ಕಚೇರಿಯಲ್ಲಿ ಯಾರೋ ಆ ಮೂರು ಪದ ಓದಿದ್ದರು. ಕುಸಬಿಹಾಳ ಎಲ್ಲಿದೆಯೋ, ಗೇಟು ಎಲ್ಲಿದೆಯೋ, ಅವರಿಗೇನು ಗೊತ್ತು? ಬಸ್ ನಿಲ್ಲಿಸಿ ಎಂದಿದ್ದಾರೆ, ನಿಲ್ಲಿಸೋಣ. ಲಾಭವಿಲ್ಲದ ದಾರಿ ಬೇರೆ. ಎಲ್ಲರ ಫೋನಿಗೂ ಉತ್ತರ ಹೋಗಿತ್ತು: "ನಿಮ್ಮ ದೂರು ಪರಿಹರಿಸಲಾಗಿದೆ. ನಮ್ಮ ಸೇವೆ ಹೇಗಿತ್ತು? ನಕ್ಷತ್ರ ಕೊಡಿ."

ವಿಠ್ಠಲ ಗಾಬರಿಯಾಗಿ ಕೂಡಲೇ ಇನ್ನೊಂದು ದೂರು ಹಾಕಿದ. ಹುಡುಗ ಪಾಠ ಕಲಿಯಲಿಲ್ಲ, ಇದನ್ನೂ ಖಡಕ್ಕಾಗಿಯೇ ಬರೆದ: ಕುಸಬಿಹಾಳ ಬಸ್ ನಿಲ್ಲಿಸಬೇಡಿ. ಈ ಸಲ ಕಚೇರಿಯವರು ಬಹಳ ಜಾಗರೂಕತೆಯಿಂದ ಹಳೆಯ ಕಾಗದಗಳನ್ನು ತೆಗೆದು ನೋಡಿದರು. ಹಿಂದೆಂದೋ ಕಾಲೇಜಿನವರು ಗೇಟಿನಲ್ಲಿ ನಿಲ್ಲಿಸಿ ಎಂದು ಕೇಳಿದ್ದು ಸಿಕ್ಕಿತು. ಉತ್ತರ ಬಂತು: "ತಮ್ಮ ಕೋರಿಕೆಯಂತೆ ಕಾಲೇಜಿನ ಗೇಟಿನಲ್ಲಿ ಬಸ್ಸನ್ನು ನಿಲ್ಲಿಸಲಾಗುವುದಿಲ್ಲ. ನಕ್ಷತ್ರ ಕೊಡಿ." ಇರುವ ಬಸ್ಸೂ ಹೋಯಿತು, ಇಲ್ಲದ ನಿಲುಗಡೆಯೂ ಹೋಯಿತು. ನಗಬೇಕೋ ಅಳಬೇಕೋ ತಿಳಿಯದೆ ನಾನು ಡಿಪೋ ಮೂಲೆಯಲ್ಲಿ ನಿಂತಿದ್ದೆ.

ನಿಂತ ಬಸ್ಸಿಗೆ ಹಗಲು ಬಹಳ ಉದ್ದ. ಗುಬ್ಬಿಗಳು ಸೀಟಿನ ಸ್ಪಂಜು ಕಿತ್ತುಕೊಂಡು ಹೋದವು. ಕಣ್ಣು ಮುಚ್ಚಿದರೆ ಕುಸುಬೆ ಹೊಲ, ಫಕ್ಕೀರಪ್ಪನ ಕನ್ನಡಿ. ಕನಸಿನಲ್ಲಿ ಕನ್ನಡಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ, ಕನ್ನಡಿಯಲ್ಲಿ ಬರೀ ರಸ್ತೆ ಕಾಣುತ್ತಿತ್ತು. ಎಚ್ಚರವಾದರೆ ಡಿಪೋದ ಡೀಸೆಲ್ ವಾಸನೆ. ಇನ್ನು ಹೋಗುವುದೇ ಇಲ್ಲವೇನೋ ಎಂದು ಭಯವಾಗುತ್ತಿತ್ತು.

ಅಲ್ಲಿ ಗಂಗೋತ್ರಿಯ ಕಥೆ ಏನಾಯಿತೆಂದು ಆಮೇಲೆ ಅವಳೇ ನನ್ನ ಕಿಟಕಿಯ ಬಳಿ ಕೂತು ಹೇಳುವಾಗ ಕೇಳಿಸಿಕೊಂಡೆ. ಅವಳೂ ಫರೀದಾಳೂ ಹೊಲದ ಬದುವಿನ ಮೇಲೆ ನಡೆದು ಹೆದ್ದಾರಿ ಮುಟ್ಟಿ, ಸಿಕ್ಕ ಟೆಂಪೋ ಹಿಡಿದು ಕಾಲೇಜಿಗೆ ಹೋಗುತ್ತಿದ್ದರು. ಸಂಜೆ ಮನೆ ಸೇರುವಾಗ ಕತ್ತಲಾಗುತ್ತಿತ್ತು. ಫಕ್ಕೀರಪ್ಪ ಅಂಗಡಿ ಮುಚ್ಚದೆ ರಸ್ತೆ ನೋಡುತ್ತ ಕೂತಿರುತ್ತಿದ್ದ. ಒಂದು ದಿನ ಮಗಳ ಚಪ್ಪಲಿಯ ಕೆಸರು ನೋಡಿ ಹೇಳಿದ: "ಅಮಾಸಿತನಕಾ ನೋಡ್ತೀನಿ. ಅಷ್ಟರಾಗ ಬಸ್ ಬರ್ಲಿಲ್ಲಂದ್ರ ಸಾಕವಾ. ಮನ್ಯಾಗ ಇದ್ದು ಹೊಲಿಗಿ ಕಲಿ." ಅವಳು ಏನೆಂದಾಳು? ಬಸ್ ನಿಲ್ಲಿಸಿ ಎಂದು ಮೊದಲು ಒತ್ತಿದ ಹೆಬ್ಬೆರಳು ಅವಳದೇ. ಆ ಹೆಬ್ಬೆರಳನ್ನು ನೋಡಿಕೊಂಡು ಎಷ್ಟೋ ಹೊತ್ತು ಅಳುತ್ತಿದ್ದೆ ಎಂದು ಫರೀದಾಳಿಗೆ ಹೇಳಿದಳು.

ಅಮಾವಾಸ್ಯೆ ಹತ್ತಿರ ಬಂತು. ವಿಠ್ಠಲ ಮೂರನೇ ದೂರು ಹಾಕೋಣವೇ ಎಂದ. ಗಂಗೋತ್ರಿ ಅವನ ಕೈಯಿಂದ ಫೋನು ಕಸಿದುಕೊಂಡಳು. "ಬರದ್ರ ಮತ್ತ ತಪ್ಪ ತಿಳ್ಕೋತಾರ. ನಾ ಮಾತಾಡ್ತೀನಿ." ಗುಂಪಿಗೆ ತನ್ನ ದನಿಯನ್ನೇ ಕಳಿಸಿದಳು. ಅದನ್ನು ವಿಠ್ಠಲ ಇವತ್ತಿಗೂ ಅಳಿಸಿಲ್ಲ, ಎಷ್ಟೋ ಸಲ ನನ್ನೊಳಗೆ ಕೂತು ಕೇಳಿಸಿದ್ದಾನೆ. ಹೀಗಿದೆ ಅದು:

"ನಾನು ಗಂಗೋತ್ರಿ, ಬಿ.ಎ. ಕಡೀ ವರ್ಷ. ನೀವೆಲ್ಲಾ ನಮ್ಮ ಬಸ್ಸಿಗೆ ಬೆರಳು ಒತ್ತೀರಿ, ಪುಣ್ಯ ಬರ್ಲಿ. ನಿಮ್ಮ ಬೆರಳಿಲೇನ ನಮ್ಮ ಬಸ್ ನಿಂತೈತಿ, ನನ್ನ ಬೆರಳೂ ಅದರಾಗ ಐತಿ. ನಾಳೆ ಕಾಲೇಜ್ ಬಿಟ್ಟ ಕೂಡ್ಲೇ ಡಿಪೋಕ್ಕ ಹೊಂಟೀನಿ. ಬೆರಳು ಒತ್ತಿದವ್ರು ಕಾಲೂ ತರ್ರಿ."

ಎಷ್ಟು ಜನ ಬಂದಾರು ಎಂದುಕೊಂಡಿದ್ದೀರಿ? ಅವಳೂ ಬಹಳ ಆಸೆ ಇಟ್ಟುಕೊಂಡಿರಲಿಲ್ಲ. ಆದರೆ ಮಾರನೆಯ ದಿನ ಮಧ್ಯಾಹ್ನ ಡಿಪೋ ಗೇಟಿನ ಆಚೆ ದೂಳು ಎದ್ದಿತು. ಅರೆನಿದ್ದೆಯಲ್ಲಿದ್ದ ನಾನು ದನದ ಹಿಂಡು ಬರುತ್ತಿದೆ ಎಂದುಕೊಂಡೆ. ನೋಡಿದರೆ ಕಾಲೇಜು! ಹಾಸ್ಟೆಲಿನವರು, ಬೈಕು ಬಿಟ್ಟು ನಡೆದು ಬಂದ ಊರ ಹುಡುಗರು, ಛತ್ರಿ ಹಿಡಿದ ಹುಡುಗಿಯರು. ಮುಂದೆ ಗಂಗೋತ್ರಿ, ಬೆವೆತ ಮುಖ, ಗಟ್ಟಿಯಾಗಿ ಫರೀದಾಳ ಕೈ ಹಿಡಿದಿದ್ದಾಳೆ. ಒಳಗೆ ಬಂದವರೇ ಎಲ್ಲರೂ ಫೋನು ಎತ್ತಿ ವಿಡಿಯೋ ಹಿಡಿಯಲು ಶುರುಮಾಡಿದರು.

"ಏ, ಇಳಸ್ರೋ ಅವನ್ನ! ಮೊದ್ಲು ಮಾತಾಡೂಣು, ಆಮ್ಯಾಲೆ ತಕ್ಕೋರಿ," ಎಂದಳು ಗಂಗೋತ್ರಿ. ಫೋನುಗಳು ಒಂದೊಂದಾಗಿ ಜೇಬಿಗಿಳಿದವು. ವಿಠ್ಠಲನದು ಎಲ್ಲಕ್ಕಿಂತ ಕೊನೆಗೆ.

ಡಿಪೋ ಮ್ಯಾನೇಜರ್ ಸಾಹೇಬರು ಹೊರಗೆ ಬಂದರು. ಸಾಧು ಮನುಷ್ಯ, ಆದರೆ ಅವತ್ತು ಸಿಟ್ಟಿಗೆದ್ದಿದ್ದರು. "ಏನವಾ ಇದು? ಕಾಲೇಜಿಗೆ ಕಾಲೇಜೇ ಕೂಡಿ ಬಸ್ ನಿಲ್ಲಸ್ರಿ ಅಂತ ಒತ್ತಿದ್ರಿ. ನಿಲ್ಲಿಸಿದ್ವಿ. ಈಗ ಯಾಕ ನಿಲ್ಲಿಸಿದ್ರಿ ಅಂತ ಕೇಳಾಕ ಬಂದೀರಿ. ನಮ್ಮನ್ನೇನು ಹುಚ್ಚರು ಅಂತ ತಿಳದೀರೇನು?"

ಗಂಗೋತ್ರಿಯ ಕಣ್ಣು ಅಂಗಳವೆಲ್ಲ ಅಲೆದು, ನನ್ನ ಮೇಲೆ ಬಂದು ನಿಂತಿತು. ನನ್ನ ಬಾನೆಟ್ಟಿಗೆ ಒರಗಿ ಮೌಲಾಸಾಬ್ ನಿಂತಿದ್ದ.

"ಮೌಲಾ ಕಾಕಾ," ಎಂದಳು, "ಯಾರರ ಬಸ್ ನಿಲ್ಲಸ್ರೀ ಅಂತ ಕೂಗಿದ್ರ ನೀವೇನ ಮಾಡ್ತೀರಿ?"

"ಬ್ರೇಕ್ ಹಾಕ್ತೀನಿ," ಎಂದ ಮೌಲಾಸಾಬ್.

"ಆಮ್ಯಾಲೆ?"

"ಹತ್ತೋರು ಹತ್ತತಾರ, ಇಳಿಯೋರು ಇಳೀತಾರ. ಮುಂದ ಹೋಗ್ತೀನಿ."

"ಅಲ್ಲೇ ಬಸ್ ಬಿಟ್ಟು ಮನಿಗೆ ಹೋಗಿ ಮಕ್ಕೊಳ್ಳಾಂಗಿಲ್ಲಲ್ಲ?"

ಅಂಗಳವೆಲ್ಲ ನಕ್ಕಿತು. ಮೆಕ್ಯಾನಿಕ್‌ಗಳು ನಕ್ಕರು, ಟೀ ಅಂಗಡಿಯವನು ನಕ್ಕ. ಸಾಹೇಬರೂ ಮೀಸೆಯಲ್ಲಿ ನಕ್ಕು, ಮತ್ತೆ ಮುಖ ಗಂಟಿಕ್ಕಿಕೊಂಡರು. "ಅದೆಲ್ಲಾ ಖರೇನವಾ. ಆದ್ರ ಸಿಸ್ಟಮ್‌ನಾಗ ಮುಗದು ಹೋಗೇತಿ. ಅದನ್ನ ತೆರಿಯಾಕ ನನಗ ಬರಾಂಗಿಲ್ಲ."

ಗಂಗೋತ್ರಿ ಒಂದು ಹೆಜ್ಜೆ ಮುಂದೆ ಬಂದಳು. "ಸರ, ನಿಮ್ಮ ಸಿಸ್ಟಮ್‌ಗೆ ನಾವು ಕಾಣಾಂಗಿಲ್ಲ. ನಿಮಗ ಕಾಣ್ತೀವಲ್ರಿ? ಅಮಾಸಿಗೆ ನನ್ನ ಕಾಲೇಜ್ ಬಂದ್ ಆಗ್ತೈತ್ರಿ. ನಮ್ಮೂರಿಂದ ಬರೋ ಉಳಿದ ಹುಡುಗ್ಯಾರದೂ ಅಷ್ಟ. ಯಾರೂ ನಮಗ ಅನ್ಯಾಯ ಮಾಡಿಲ್ರಿ. ನಾವ ಕೇಳಿದ ಮಾತಿಗೆ ನಾವ ಮನ್ಯಾಗ ಕುಂದ್ರೂ ಹಂಗ ಆಗೇತಿ." ಅಷ್ಟು ಹೇಳಿ ಕಣ್ಣೊರೆಸಿಕೊಂಡಳು. ಅವಳ ಹಿಂದೆ ಇಡೀ ಕಾಲೇಜು ಸುಮ್ಮನೆ ನಿಂತಿತ್ತು. ಯಾರೂ ಘೋಷಣೆ ಕೂಗಲಿಲ್ಲ, ಯಾರೂ ಕದಲಲೂ ಇಲ್ಲ.

ಸಾಹೇಬರು ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ಮೌಲಾಸಾಬ್ ಕಡೆ ತಿರುಗಿ, "ನಾಳಿಂದ ತಗೊಂಡು ಹೋಗೋ. ಮ್ಯಾಲಿನವ್ರಿಗೆ ನಾ ಉತ್ತರ ಕೊಟ್ಕೋತೀನಿ" ಎಂದರು. ಮತ್ತೆ ತಲೆ ಕೆರೆದುಕೊಂಡು, "ಆದ್ರ ಗೇಟಿನ್ಯಾಗ ನಿಲ್ಲಿಸಬ್ಯಾಡ್ರಿ ಅಂತ ಇನ್ನೊಂದು ದೂರು ಬಂದೈತಲ್ಲ, ಅದಕ್ಕೇನ ಮಾಡೂಣು? ಈಗ ನಿಲ್ಲಿಸಿ ಅಂತ ಬರೀಲೋ, ಬ್ಯಾಡ ಅಂತ ಬರೀಲೋ?" ಎಂದರು.

"ಸರ, ಆ ಶಬ್ದದ ಸುದ್ದಿಗೇ ಹೋಗಬ್ಯಾಡ್ರಿ," ಎಂದಳು ದಾಕ್ಷಾಯಣಿ. "ಗುಡ್ಡದ ಕಾಲೇಜು, ಹೋಲ್ಡಾನ್ ಅಂತ ಬರೀರಿ. ಅದಕ್ಕ ಎರಡು ಅರ್ಥ ಇಲ್ಲ."

ಹಾಗೆಯೇ ಬರೆದರು! ಅಂಗಳದಲ್ಲಿ ಎದ್ದ ಕೇಕೆಗೆ ನನ್ನ ಗಾಜುಗಳೆಲ್ಲ ಗಲಗಲ ಅಂದವು. ಈಗ ವಿಡಿಯೋ ತಕ್ಕೋಬಹುದೇನವಾ ಎಂದು ವಿಠ್ಠಲ ಬಹಳ ವಿನಯದಿಂದ ಕೇಳಿದ.

ಮರುದಿನ ಬೆಳಿಗ್ಗೆ ಫಕ್ಕೀರಪ್ಪನ ಕನ್ನಡಿಯಲ್ಲಿ ನಾನು ಮತ್ತೆ ಕಾಣಿಸಿದೆ. ಅವನು ಗಿರಾಕಿಯ ಅರ್ಧ ಬೋಳಿಸಿದ ಗಡ್ಡ ಹಾಗೇ ಬಿಟ್ಟು ಹೊರಗೆ ಬಂದು, ನನ್ನ ಮೂತಿಯ ಮೇಲೆ ಕೈಯಿಟ್ಟ. ಕೈಗೆ ಸೋಪಿನ ನೊರೆ ಇತ್ತು. "ಬಂತವಾ ನಿನ್ನ ಬಸ್ಸು" ಎಂದು ಮಗಳನ್ನು ಕೂಗಿ ಕರೆದ. ಅವತ್ತು ನಾನು ಒಂದು ಗುಂಡಿಗೂ ಗೊಣಗಲಿಲ್ಲ.

ಗೇಟು ಬಂತು. ದಾಕ್ಷಾಯಣಿ ಜೀವ ಹೋಗುವಂತೆ "ಹೋಲ್ಡಾನ್!" ಎಂದಳು. ಮೌಲಾಸಾಬ್ ಬ್ರೇಕು ಹಾಕಿದ. ನಾನು ಏರಿನ ನಡುವೆ ನಿಂತೆ. ಹುಡುಗರು ಜಯಕಾರ ಹಾಕುತ್ತ ಇಳಿದರು. ಆದರೆ ಮತ್ತೆ ಹೊರಡಬೇಕಲ್ಲ! ಏರಿನಲ್ಲಿ ನಿಂತ ಮುದಿ ಬಸ್ಸು ನಾನು, ಎಂಜಿನ್ ಗುರುಗುಟ್ಟಿ ಆರಿಹೋಯಿತು. ಗಂಗೋತ್ರಿ ಗೇಟಿನೊಳಗೆ ಇಟ್ಟ ಕಾಲನ್ನು ಹಿಂದೆ ತೆಗೆದು, ಪುಸ್ತಕವನ್ನು ಕಟ್ಟೆಯ ಮೇಲಿಟ್ಟು, ನನ್ನ ಹಿಂಭಾಗಕ್ಕೆ ಕೈಕೊಟ್ಟಳು. ಉಳಿದವರೂ ಬಂದರು. ಒಳಗಿದ್ದ ಹುಡುಗರು ಓಡಿ ಬಂದರು, ಒಬ್ಬ ಮೇಷ್ಟ್ರೂ ಪ್ಯಾಂಟು ಮಡಚಿ ಬಂದರು. ಅಷ್ಟು ಕೈಗಳು ಒಟ್ಟಿಗೆ ನನ್ನ ಬೆನ್ನ ಮೇಲೆ! ಎಕ್ಸ್‌ಪ್ರೆಸ್ ಆಗಿದ್ದಾಗ ನನಗೆ ಇಂಥ ಸುಖ ಸಿಕ್ಕಿರಲಿಲ್ಲ. ಅವತ್ತೂ ಮೊದಲ ಕ್ಲಾಸು ತಪ್ಪಿತು, ಆದರೆ ಇಡೀ ಕಾಲೇಜಿಗೆ ತಪ್ಪಿತು. ಮರುದಿನದಿಂದ ಸ್ವಲ್ಪ ಮೇಲೆ, ಬೇವಿನ ಮರದ ಹತ್ತಿರದ ಸಮನೆಲದಲ್ಲಿ ನಿಲ್ಲತೊಡಗಿದೆ. ಹುಡುಗರು ಮರಕ್ಕೆ ಬೋರ್ಡು ಕಟ್ಟಿದರು. ನಿಲ್ದಾಣದ ಹೆಸರೇ ಹೋಲ್ಡಾನ್ ಆಯಿತು. ಮುದುಕಿಯರು ಕೂಡ "ಒಂದು ಹೋಲ್ಡಾನ್ ಕೊಡವಾ" ಎಂದು ಟಿಕೆಟು ಕೇಳುತ್ತಿದ್ದರು.

ಆಮೇಲಿನ ದಿನಗಳಲ್ಲಿ ಒಮ್ಮೆ ಗಂಗೋತ್ರಿ ಮೂರನೇ ಕಿಟಕಿಗೆ ತಲೆ ಆನಿಸಿ ಫರೀದಾಳಿಗೆ ಹೇಳಿದಳು: "ಅವತ್ತು ಡಿಪೋಕ್ಕ ಬಂದವ್ರೊಳಗ ಅರ್ಧ ಮಂದೀ ಮಾರೀನ ನಾ ನೋಡಿದ್ದಿಲ್ಲ ನೋಡು. ಗ್ರೂಪಿನ್ಯಾಗ ದಿನಾ ಅವರ ಗುಡ್ ಮಾರ್ನಿಂಗ್ ನೋಡ್ತಿದ್ದೆ. ಫೋನ್ ಇಲ್ಲಂದಿದ್ರ ಅವರು ಬರ್ತಿದ್ದಿಲ್ಲ. ಬರೇ ಫೋನ್ ಇದ್ದಿದ್ರೂ ಬಸ್ ಬರ್ತಿದ್ದಿಲ್ಲ." ಫರೀದಾ ನಿದ್ದೆ ಹೋಗಿದ್ದಳು. ನಾನು ಕೇಳಿಸಿಕೊಂಡೆ.

ಗಂಗೋತ್ರಿಯ ಕೊನೆಯ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ನನ್ನದೂ ಮುಗಿದಿತ್ತು. ಡಿಪೋದಲ್ಲಿ ಯಾರೋ ಬಂದು ನನ್ನ ತಗಡು ತಟ್ಟಿ, ಎಂಜಿನ್ನಿಗೆ ಕಿವಿಯಿಟ್ಟು, ಮೂತಿಯ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದರು. ಗುಜರಿ. ಹೊಸ ಬಸ್ಸು ಬಂತು, ನನ್ನ ಬೋರ್ಡನ್ನು ಅದಕ್ಕೆ ಕೊಟ್ಟರು. ಮೌಲಾಸಾಬ್ ನನ್ನ ಸ್ಟಿಯರಿಂಗಿಗೆ ಕಟ್ಟಿದ್ದ ಹಸಿರು ದಾರವನ್ನು ಬಿಚ್ಚದೆ ಹಾಗೇ ಬಿಟ್ಟು ಹೋದ. ನಾನು ಕಣ್ಣು ಮುಚ್ಚಿಕೊಂಡೆ. ಇನ್ನು ತಗಡು ತಗಡಾಗಿ ಬಿಚ್ಚುತ್ತಾರೆ, ಮತ್ತೆ ಎಲುಬುಗೂಡು, ಮತ್ತೆ ಬೆತ್ತಲೆ ಎಂದುಕೊಂಡೆ.

ಒಂದು ಮಧ್ಯಾಹ್ನ ಗಂಗೋತ್ರಿ, ವಿಠ್ಠಲ, ಫರೀದಾ, ಅವರ ಜೊತೆ ಪ್ರಿನ್ಸಿಪಾಲರು ಡಿಪೋಗೆ ಬಂದರು. ಅವತ್ತು ಮ್ಯಾನೇಜರ್ ಸಾಹೇಬರಿಗೆ ಸಿಟ್ಟಿರಲಿಲ್ಲ, ಕುರ್ಚಿ ತರಿಸಿದರು.

"ಸರ, ಕುಸಬಿಹಾಳ ಬಸ್ ನಿಲ್ಲಸ್ರಿ," ಎಂದಳು ಗಂಗೋತ್ರಿ.

ಸಾಹೇಬರು ತಲೆಗೆ ಕೈ ಹಚ್ಚಿಕೊಂಡರು. "ಯಪ್ಪಾ! ಇದು ಯಾವ ನಿಲ್ಲಸೂದವಾ? ಒಂದನೇದ್ದೋ, ಎರಡನೇದ್ದೋ?"

"ಮೂರನೇದ್ದು ಸರ." ಅವಳು ಕಿಟಕಿಯಿಂದ ನನ್ನ ಕಡೆ ಕೈ ತೋರಿಸಿದಳು. "ಈ ಹಳೇ ಬಸ್ಸು. ನಮ್ಮ ಗೇಟಿನ್ಯಾಗ ಸೂರಿಲ್ಲ, ಮಳಿ ಬಂದ್ರ ನಿಲ್ಲಾಕ ಜಾಗಿಲ್ಲ. ಇದನ್ನ ತಂದು ಬೇವಿನ ಗಿಡದ ಬುಡಕ ನಿಲ್ಲಸ್ರಿ. ನಿಂತಽ ಇರೂದು."

ಹಾಗೆ ಬಂದೆ ಇಲ್ಲಿಗೆ, ಕ್ರೇನಿಗೆ ಜೋತುಬಿದ್ದು. ಎಂಜಿನ್ ತೆಗೆದರು, ಚಕ್ರ ತೆಗೆದರು, ಇಟ್ಟಿಗೆಯ ಕಟ್ಟೆಯ ಮೇಲೆ ಕೂರಿಸಿದರು. ಸೀಟು, ಕಿಟಕಿ, "ಕೈ ತಲೆ ಹೊರಗೆ ಹಾಕಬೇಡಿ" ಎಲ್ಲ ಹಾಗೇ ಬಿಟ್ಟರು. ಹುಡುಗರು ನನ್ನೊಳಗೆ ಕೂತು ಬಸ್ಸಿಗೆ ಕಾಯುತ್ತಾರೆ. ಓದುತ್ತಾರೆ, ಜಗಳವಾಡುತ್ತಾರೆ, ಫೋನು ನೋಡುತ್ತಾರೆ. ಹೊಸದಾಗಿ ಸೇರಿದವರು ನಿಲ್ದಾಣಕ್ಕೆ ಯಾಕೆ ಈ ಹೆಸರು ಎಂದು ಕೇಳುತ್ತಾರೆ, ಹಳಬರು ಕಥೆ ಹೇಳುತ್ತಾರೆ, ಹೇಳುವಾಗೆಲ್ಲ ಡಿಪೋಗೆ ನಡೆದವರ ಸಂಖ್ಯೆ ಒಂದಿಷ್ಟು ಹೆಚ್ಚಾಗುತ್ತದೆ. ನಾನು ತಿದ್ದಲು ಹೋಗುವುದಿಲ್ಲ.

ಗಂಗೋತ್ರಿ ಎಂ.ಎ. ಓದಲು ದೂರದ ಊರಿಗೆ ಹೊರಟ ದಿನ ಫಕ್ಕೀರಪ್ಪ ಅಂಗಡಿಗೆ ಬೀಗ ಹಾಕಿ ಅವಳ ಟ್ರಂಕು ಹೊತ್ತುಕೊಂಡು ಬಂದಿದ್ದ. ಇಬ್ಬರೂ ನನ್ನೊಳಗೆ ಕೂತು ಬಸ್ಸಿಗೆ ಕಾದರು. ಅವಳು ಮೂರನೇ ಕಿಟಕಿಯಲ್ಲಿ, ಅವನು ಪಕ್ಕದಲ್ಲಿ. ಮೇಷ್ಟ್ರೊಬ್ಬರು ಬಂದು, ಅಷ್ಟು ದೂರ ಕಳಿಸುತ್ತಿದ್ದೀಯಲ್ಲ, ಅಲ್ಲಿಗೆ ನಿಮ್ಮೂರಿಂದ ಬಸ್ಸಿದೆಯೇ ಎಂದು ಕೇಳಿದರು. ಫಕ್ಕೀರಪ್ಪ ನಕ್ಕ. "ಬಸ್ ಇಲ್ರಿ ಸರ. ಇಲ್ಲಂದ್ರೂ ಹೋಗಾಕಿ ಬಿಡ್ರಿ ಇಕಿ."

ಬಸ್ಸು ಬಂತು. ಫಕ್ಕೀರಪ್ಪ ಟ್ರಂಕು ಏರಿಸಲು ಹೋದ. ಗಂಗೋತ್ರಿ ಹಿಂದೆ ಉಳಿದು, ನನ್ನ ಬಾಗಿಲ ಸರಳನ್ನು ಮೊದಲ ದಿನದ ಹಾಗೆಯೇ ಗಟ್ಟಿಯಾಗಿ ಹಿಡಿದುಕೊಂಡಳು. ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

"ನೀ ನಿಂತಿರು. ನಾ ಹೋಗಿ ಬರ್ತೀನಿ."

ಹೋಗಿ ಬರುವುದು ಜೀವಮಾನವೆಲ್ಲ ನನ್ನ ಕೆಲಸವಾಗಿತ್ತು. ನನಗೆ ಆ ಮಾತನ್ನು ಹೇಳಿ ಹೋದವಳು ಅವಳೊಬ್ಬಳೇ. ಅದಕ್ಕೇ ಮಧ್ಯಾಹ್ನದ ನಿದ್ದೆಯಲ್ಲೂ ಒಂದು ಕಣ್ಣು ರಸ್ತೆಯ ಮೇಲೆ ಇಟ್ಟಿರುತ್ತೇನೆ.